ಯಾವ ಅವ್ವ

ನನ್ನ ಬಲಗೈ ನಡುಗಲು ಶುರುವಾಗಿ ಮೂರು ವರ್ಷವಾಯಿತು. ಬಾಯಲ್ಲಿ ರಾಗವಿದ್ದರೆ ಮಾತ್ರ ನಡುಗುವುದಿಲ್ಲ. ಇದನ್ನು ಡಾಕ್ಟರಿಗೆ ಹೇಳಿದಾಗ ಅವರು ನಕ್ಕರು. ನಗಲಿ ಬಿಡಿ. ಅರವತ್ತು ವರ್ಷ ಮುಳಬಾಗಿಲಿನಲ್ಲಿ ಕೂತು ಜನರ ಮುಖ ಬರೆದವನು ನಾನು, ಸುತ್ತಲ ಹಳ್ಳಿಗಳ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವನೂ ನಾನೇ. ಕೈಗೂ ಗಂಟಲಿಗೂ ಏನು ಸಂಬಂಧ ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತೇ?

ಒಂದು ಕಾಲಕ್ಕೆ ಅಂಗಡಿ ಬೋರ್ಡು, ಸ್ಕೂಲಿನ ಗೋಡೆ, ನಾಟಕದ ಪರದೆ ಎಲ್ಲ ನನ್ನವೇ. ಆವನಿ ಕಡೆಯವರು ಕನ್ನಡದ ಪದ್ಯ ಕೇಳಿದರೆ ಗಡಿಯ ಹಳ್ಳಿಯವರು ತೆಲುಗಿನದು ಕೇಳುತ್ತಿದ್ದರು, ಎರಡಕ್ಕೂ ನನ್ನದೇ ಹಾರ್ಮೋನಿಯಂ ಪೆಟ್ಟಿಗೆ. ಫ್ಲೆಕ್ಸ್ ಬಂದು ಬೋರ್ಡುಗಳನ್ನು ಗುಡಿಸಿಕೊಂಡು ಹೋಯಿತು. ನನ್ನ ಪಾಲಿಗೆ ಉಳಿದವರು ಸತ್ತವರು. ತಿಥಿಗೆ ಕೈಯಲ್ಲಿ ಬರೆದ ಚಿತ್ರವೇ ಆಗಬೇಕು ಅನ್ನುವವರು ಈಗಲೂ ಕೋಲಾರ, ಶ್ರೀನಿವಾಸಪುರದಿಂದ ಹುಡುಕಿಕೊಂಡು ಬರುತ್ತಾರೆ.

ಹೋದ ವರ್ಷ ಹಾಗೆ ಬಂದವನು ಮಂಡ್ಯ ಕಡೆಯವನು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಅಲ್ಲೇ ಪಕ್ಕದಲ್ಲಿ ಮನೆ ಕಟ್ಟಿಕೊಂಡಿದ್ದ. ಕೂರು ಅಂದರೂ ಕೂರದೆ, ಹತ್ತು ವರ್ಷದ ಹಿಂದಿನ ಒಂದು ಫೋಟೋ ಕೈಗಿಟ್ಟ.

"ಅವ್ವ ಹೋಗ್ಬುಟ್ರು ಸಾ. ಫೋನಲ್ಲಿರೋವೆಲ್ಲ ಕಾಯ್ಲೆ ಬಂದ್ಮ್ಯಾಲೆ ತೆಗ್ದಿದ್ದು, ಮುಖಾನೇ ಇಲ್ಲ. ಇದ್ರಲ್ಲಿ ಅವ್ವ ಚೆಂದಾಗವ್ರೆ, ಹಿಂಗೇ ಬರ್ಕೊಡಿ. ಸೋಮವಾರ ತಿಥಿ, ಹನ್ನೆರಡೂವರೆಗೆ ಎಡೆ ಇಡ್ಬೇಕು."

ಫೋಟೋದಲ್ಲಿ ಜಗಲಿಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಾಕೆಗೆ ಎಪ್ಪತ್ತು, ಇನ್ನೊಬ್ಬಾಕೆಗೆ ಐವತ್ತು ಇರಬಹುದು. ನಮ್ಮ ಕಡೆ ಹೆತ್ತವಳು ಅಮ್ಮ, ಅಜ್ಜಿ ಅವ್ವ. ಆಂಧ್ರದ ಗಾಳಿ ಬೀಸುವ ಊರುಗಳಲ್ಲಿ ಅದರಲ್ಲಿ ಅನುಮಾನವೇ ಇಲ್ಲ. ನಾನು ದೊಡ್ಡಾಕೆಯನ್ನು ಬರೆಯತೊಡಗಿದೆ. ಕಾಫಿ ತಂದ ನನ್ನ ಹೆಂಡತಿ ಫೋಟೋವನ್ನೇ ನೋಡುತ್ತ ನಿಂತಳು.

"ಇಬ್ರು ಇದ್ದಾರಲ್ಲಾ, ಹೋದೋರು ಯಾರು ಅಂತ ಒಂದ್ಸಲಿ ಫೋನ್ ಮಾಡಿ ಕೇಳ್ಬಾರ್ದಾ?"

"ಅವ್ವ ಅಂದ್ರೆ ಅವ್ವ ಕಣೇ. ಮುದುಕಿ ಇರೋವಾಗ ಮಗಳು ಹೋಗ್ತಾಳೇನೆ? ನನಗೆ ಕಸುಬು ಕಲಿಸ್ತೀಯಾ?"

"ಮೀ ಇಷ್ಟಂ," ಅಂದು ಲೋಟ ಕುಕ್ಕಿ ಹೋದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. ನಾನು ಗುನುಗುತ್ತ ಕೆಲಸ ಮುಂದುವರಿಸಿದೆ. ಒಣ ಕುಂಚ, ಇದ್ದಿಲ ಪುಡಿ, ಸುಕ್ಕೊಂದೂ ಬಿಡಲಿಲ್ಲ. ಬಹಳ ದಿನಗಳ ಮೇಲೆ ಕೈ ನನ್ನ ಮಾತು ಕೇಳಿತ್ತು. ಚಿತ್ರಕ್ಕೆ ಕಟ್ಟು ಹಾಕಿಸಿ, ಹಳೆಯ ಪಂಚೆಯಲ್ಲಿ ಸುತ್ತಿಟ್ಟೆ.

ಸೋಮವಾರ ಕೋಲಾರದಲ್ಲಿ ಬಸ್ಸು ಬದಲಿಸಿ ನರಸಾಪುರ ಮುಟ್ಟುವಾಗ ಹತ್ತೂವರೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು, ನೆಂಟರು ತುಂಬಿದ್ದರು. ಅವನು ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದ. ಪಂಚೆ ಬಿಚ್ಚಿ ಚಿತ್ರವನ್ನು ಅವನ ಕಡೆ ತಿರುಗಿಸಿದೆ, ಹೊಗಳಿಕೆ ಬರಲಿ ಅಂತ ಕಾದೆ.

ಅವನ ಮುಖ ಬಿಳಿಚಿಕೊಂಡಿತು. "ಸಾ... ಇದು ಅಜ್ಜಿ."

"ಅಜ್ಜಿ ಅಲ್ವೇನಪ್ಪ ಹೋಗಿದ್ದು?"

"ನಮ್ಮವ್ವ ಸಾ. ನನ್ನ ಹೆತ್ತೋಳು."

ಅವನ ಹಿಂದೆ ಬಾಗಿಲಲ್ಲಿ, ನೀರಿನ ಚೊಂಬು ಹಿಡಿದು, ನನ್ನ ಚಿತ್ರದಲ್ಲಿದ್ದ ಹೆಂಗಸು ನಿಂತಿದ್ದಳು. ಬದುಕಿರುವವರ ಚಿತ್ರವನ್ನು ಹಾರ ಹಾಕಲು ತಂದಿದ್ದೆ! ಹೊರಗಿನ ನೆಂಟರು ನೋಡಿದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಅದು ಹೋಗಲಿ, ನಾಳೆ ಈ ಮುದುಕಿಗೆ ಏನಾದರೂ ಹೆಚ್ಚುಕಮ್ಮಿಯಾದರೆ? ಚಿತ್ರವನ್ನು ಗೋಡೆಗೆ ತಿರುಗಿಸಿದೆ.

"ಇತ್ಲಾಗ್ ತಿರುಗ್ಸಿ," ಅಂದಳು. ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡೆ. ಚೊಂಬು ಕೆಳಗಿಟ್ಟು ಮೆಲ್ಲಗೆ ಹೇಳಿದಳು:

"ಸರ್ಯಾಗೇ ಬರ್ದಿದ್ದೀಯ ಕನಪ್ಪ. ಹೋಗ್ಬೇಕಾಗಿದ್ದೋಳು ನಾನೇ."

ಮುದುಕಿ ಇರೋವಾಗ ಮಗಳು ಹೋಗ್ತಾಳೇನೆ ಅಂತ ಹೆಂಡತಿಗೆ ನಾನು ಆಡಿದ ಮಾತು ಆಗ ನನಗೇ ಬಂದು ತಗುಲಿತು. ಅಷ್ಟು ನಾಚಿಕೆಯಾದದ್ದು ನನ್ನ ಬದುಕಿನಲ್ಲೇ ಇಲ್ಲ.

ಬಾಗಿಲು ಹಾಕಿಕೊಳ್ಳಲು ಅವನಿಗೆ ಹೇಳಿ, ಕಟ್ಟಿನ ಮೊಳೆ ಕಿತ್ತು ಕಾಗದ ಈಚೆ ತೆಗೆದೆ. ಚೀಲದಲ್ಲಿ ರಬ್ಬರು, ಪುಡಿ ಯಾವಾಗಲೂ ಇರುತ್ತವೆ. ಹೊಸದಾಗಿ ಬರೆಯಲು ಎರಡು ದಿನ ಬೇಕು, ನನಗಿದ್ದದ್ದು ಎರಡು ಗಂಟೆಯೂ ಇಲ್ಲ. ಆದರೆ ತಾಯಿ ಮಗಳಿಗೆ ಹೋಲಿಕೆಯಿತ್ತು. ಇವಳನ್ನು ಅಳಿಸುತ್ತ ಹೋದರೆ ಅವಳು ಸಿಕ್ಕಬಹುದು. ಮುದುಕಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡೆ.

ರಬ್ಬರು ಹಿಡಿದೊಡನೆ ಕೈ ನಡುಗಿತು. ಸಾವಿನ ಮನೆಯಲ್ಲಿ ರಾಗ ಎಳೆಯುವುದು ಹೇಗೆ? ಹಲ್ಲು ಕಚ್ಚಿಕೊಂಡು ಎಳೆದೆ. ರಬ್ಬರು ಜಾರಿ ತುಟಿಯ ಅಂಚು ಕಲಸಿಹೋಯಿತು.

"ಕೈ ಯಾಕಪ್ಪ ನಡುಗ್ತದೆ?"

"ಹಾಡ್ತಾ ಇದ್ರೆ ನಿಲ್ಲುತ್ತೆ, ತಾಯಿ."

"ಹಾಡು ಮತ್ತೆ. ಅವ್ಳಿಗೂ ಹಾಡಂದ್ರೆ ಆಸೆ."

ಮೋಹನ ರಾಗ ಎತ್ತಿಕೊಂಡೆ, ಬಾಗಿಲಾಚೆ ಕೇಳದಷ್ಟು ಸಣ್ಣಗೆ. ಎರಡು ಸಲ ಸ್ವರ ಒಡೆಯಿತು. ಮೂರನೆಯ ಸಲಕ್ಕೆ ಕೈ ನಿಂತಿತು. ಹಣೆಯ ಗೆರೆ ತೆಗೆದೆ, ಕೆನ್ನೆಯ ಸುಕ್ಕು ತೆಗೆದೆ. ನಾನು ಒಂದೊಂದು ಸುಕ್ಕು ಅಳಿಸಿದಾಗಲೂ ಆಕೆ ತನ್ನ ಮುಖದಲ್ಲಿ ಅದೇ ಜಾಗ ಮುಟ್ಟಿಕೊಳ್ಳುತ್ತಿದ್ದಳು.

"ಮೂಗು ನಂದೇಯ, ಬುಡು. ಗಲ್ಲದ್ ಮ್ಯಾಲೆ ಸಣ್ಣ ಗುಳಿ ಅದೆ, ಅದ ಮಡುಗು."

ಹೊರಗಿನಿಂದ ಯಾರೋ ಬಾಗಿಲು ಬಡಿದರು. ಪೂಜೆ ಮಾಡಿಸುವ ಅಯ್ಯನವರು ಕಾಯುತ್ತಿದ್ದಾರಂತೆ. ಹನ್ನೆರಡಾಗಿತ್ತು. ನೆರೆಗೂದಲಿಗೆ ಕಪ್ಪು ಹಾಕುತ್ತಿದ್ದೆ, ಬೆವರು ಕಾಗದದ ಮೇಲೆ ಬೀಳದಂತೆ ಅವನು ಟವೆಲ್ಲಿನಿಂದ ನನ್ನ ಹಣೆ ಒರೆಸುತ್ತಿದ್ದ. ಇನ್ನೊಮ್ಮೆ ಬಡಿದರು. ಮುದುಕಿ ಎದ್ದು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅಳ್ಸಪ್ಪ, ಇನ್ನೂ ಅಳ್ಸು. ನಾನಿನ್ನೂ ಕಾಣ್ತಾವ್ನಿ ಅದ್ರಲ್ಲಿ."

ಕಣ್ಣಿನ ಕೆಳಗೆ ಉಳಿದಿದ್ದ ನೆರಳನ್ನೂ ತೆಗೆದೆ. ಕೊನೆಯದಾಗಿ ಎರಡೂ ಕಣ್ಣಿಗೆ ಬೆಳಕಿನ ಚುಕ್ಕಿ ಬಿಟ್ಟೆ. ಮುಗಿಯಿತು ಅಂತ ಹೇಳುವ ಧೈರ್ಯವಿಲ್ಲದೆ ಕಾಗದವನ್ನು ಆಕೆಯ ಕಡೆ ಹಿಡಿದೆ.

ಅವನು ಗೋಡೆಯ ಕಡೆ ಮುಖ ಮಾಡಿ ಅಳತೊಡಗಿದ. ಮುದುಕಿ ಅಳಲಿಲ್ಲ. ಹತ್ತಿರ ಬಂದು ಚಿತ್ರದ ಗಲ್ಲ ಹಿಡಿದಳು. ಮುಟ್ಟಿದರೆ ಪುಡಿ ಕಲಸಿಹೋಗುತ್ತದೆ; ಆದರೂ ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದೆ.

"ಬಂದ್ಯೇನವ್ವಾ?" ಅಂದಳು.