ಮಗಳ ಆಪರೇಷನ್ ಮುಂದೂಡಿದ ವರ್ಷಗಳು

ನನ್ನ ಮಗಳಿಗೆ ಹುಟ್ಟುವ ಹೊತ್ತಿನಲ್ಲೇ ಸ್ಟ್ರೋಕ್ ಆಗಿತ್ತು. ಲಕ್ವ ಹೊಡೆಯುವುದು ವಯಸ್ಸಾದವರಿಗೆ ಎಂದುಕೊಂಡಿದ್ದ ನಮಗೆ, ಕೂಸಿಗೂ ಹಾಗಾಗಬಹುದೆಂಬುದೇ ಗೊತ್ತಿರಲಿಲ್ಲ. ಬಲಗೈ ಮುಷ್ಟಿ ಬಿಚ್ಚುತ್ತಿಲ್ಲವೆಂದು ತೋರಿಸಲು ಹೋದಾಗ ಸ್ಕ್ಯಾನ್ ಮಾಡಿ ಹೇಳಿದರು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗದೆ ಅದು ಬಹುಪಾಲು ಹಾಳಾಗಿತ್ತು.

ಆದರೂ ಅವಳು ನಡೆದಳು, ಕಾಲೆಳೆದುಕೊಂಡು. ಮಾತೂ ಬಂತು. ಚಾಮರಾಜಪೇಟೆಯ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಹೂವಿನವಳನ್ನು, ಸೊಪ್ಪಿನವಳನ್ನು ಕೂಗಿ ಕರೆಯುತ್ತಿದ್ದಳು. ಮೂರು ವರ್ಷ ತುಂಬಿದ ಮೇಲೆ ಫಿಟ್ಸ್ ಶುರುವಾಯಿತು. ಮೊದಲು ವಾರಕ್ಕೊಮ್ಮೆ, ಬರುಬರುತ್ತಾ ದಿನಕ್ಕೆ ಹಲವು ಸಲ. ಉಣ್ಣುತ್ತಿದ್ದ ಹಾಗೇ ತಲೆ ತಟ್ಟೆಗೆ ಬಡಿಯುತ್ತಿತ್ತು. ಕಲಿತ ಮಾತುಗಳು ಒಂದೊಂದಾಗಿ ಹೋದವು. ಕೊನೆಗೆ ‘ಅಮ್ಮ’ ಮಾತ್ರ ಉಳಿಯಿತು. ಹಸಿವಾದರೂ ಅಮ್ಮ, ನೀರಿಗೂ ಅಮ್ಮ.

ಯಾವ ಔಷಧಿಯೂ ನಾಟಲಿಲ್ಲ. ಆಗ ಒಬ್ಬ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಬಿಡಿಸಿ ಹೇಳಿದರು.

“ಹಾಳಾಗಿರೋ ಭಾಗ ಸುಮ್ನಿದ್ದಿದ್ರೆ ಪರವಾಗಿರ್ಲಿಲ್ಲಮ್ಮ. ಅದು ಚೆನ್ನಾಗಿರೋ ಭಾಗಕ್ಕೂ ಕರೆಂಟ್ ಹೊಡೀತಿದೆ. ಎರಡರ ಮಧ್ಯದ ಸಂಪರ್ಕ ಕತ್ತರಿಸ್ಬೇಕು. ಬಲಗೈ ಬೆರಳು ಈಗಿನಷ್ಟೂ ಆಡಲ್ಲ, ಬಲಗಡೆ ನೋಟ ಹೋಗುತ್ತೆ. ಆದ್ರೆ ಫಿಟ್ಸ್ ನಿಲ್ಲೋ ಸಾಧ್ಯತೆ ಜಾಸ್ತಿ. ಈ ವಯಸ್ಸಲ್ಲಿ ಮಾಡಿದ್ರೆ ಮಾತನ್ನ ಬಲ ಮೆದುಳು ಕಲ್ತ್ಕೊಳ್ಳುತ್ತೆ. ತಡ ಮಾಡ್ಬೇಡಿ.”

ನಾನು ಅಲ್ಲೇ ಒಪ್ಪಿಕೊಂಡೆ. ಮಗುವಿನ ತಂದೆಯೂ ಒಪ್ಪಿ ಸಹಿ ಹಾಕಬೇಕು ಎಂದರು.

ನನ್ನ ಗಂಡ ಬ್ಯಾಂಕಿನಲ್ಲಿ ಆಫೀಸರ್. “ನೋಡೋಣ” ಎಂದರು. ಅತ್ತೆ ದೇವರ ಮನೆಯಿಂದಲೇ ಕೂಗಿ ಹೇಳಿದರು: “ಹೆಣ್ಮಗು. ತಲೆ ಕೊಯ್ಸಿ ಹೊಲಿಗೆ ಹಾಕ್ಸಿದ್ರೆ ನಾಳೆ ಯಾರು ಮದುವೆ ಆಗ್ತಾರೆ?”

“ಅತ್ತೆ, ಅವಳಿಗೆ ನೀರು ಬೇಕು ಅನ್ನೋಕೂ ಬರ್ತಿಲ್ಲ” ಎಂದೆ.

“ನಿನಗೆ ಎಲ್ಲದಕ್ಕೂ ಆತುರ.”

ಆಷಾಢ ಬಂತು, ಬೇಡವೆಂದರು. ಶ್ರಾವಣದಲ್ಲಿ ಹಬ್ಬ. ಮಲ್ಲೇಶ್ವರದ ಜೋಯಿಸರು ಗುರುಬಲವಿಲ್ಲವೆಂದರು. ಯಾರೋ ಕೊಟ್ಟ ಪುಡಿಯನ್ನು ಅತ್ತೆ ಜೇನಿನಲ್ಲಿ ಕಲಸಿ ನೆಕ್ಕಿಸಿದರು. ಮಗಳು ವಾಂತಿ ಮಾಡಿಕೊಂಡಳು, ಕೂಡಲೇ ಫಿಟ್ಸ್ ಬಂತು. ನಾನು ಕೇಳಿದಾಗಲೆಲ್ಲ ಇವರದು ಅದೇ “ನೋಡೋಣ.” ಜಗಳವಾಡಿದೆ, ಊಟ ಬಿಟ್ಟೆ, ಇವರ ಅಣ್ಣನ ಮನೆಗೆ ಹೋಗಿ ಕೈ ಮುಗಿದೆ. ನೋಡುತ್ತಾ ನೋಡುತ್ತಾ ಮಗಳ ಹಾಲುಹಲ್ಲು ಬಿದ್ದು ಹೊಸವು ಬಂದವು.

ಒಂದು ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ಅವರೆಕಾಯಿ ಆರಿಸುತ್ತಿದ್ದಾಗ, ಜೊತೆಗಿದ್ದ ಮಗಳಿಗೆ ಬಂದ ಫಿಟ್ಸ್ ನಿಲ್ಲಲೇ ಇಲ್ಲ. ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆ ಸೇರಿದೆ. ಬಾಯಿಗೆ ಕೊಳವೆ ಹಾಕಿ ಮಲಗಿಸಿದ್ದ ಮಗಳನ್ನು ಗಾಜಿನಾಚೆಯಿಂದ ನೋಡಿದ ಮೇಲೆ ಇವರು ಸಹಿ ಹಾಕಿದರು. ಒಪ್ಪಿ ಅಲ್ಲ, ಹೆದರಿ.

ಅವಳು ಚೇತರಿಸಿಕೊಂಡ ಮೇಲೆ ಆಪರೇಷನ್ ಆಯಿತು. ಮತ್ತೆ ಫಿಟ್ಸ್ ಬರಲಿಲ್ಲ. ಮನೆಗೆ ಬಂದ ಮೊದಲ ದಿನ ಇಡ್ಲಿ ತಿನ್ನಲು ಕೂತಳು. ಅಭ್ಯಾಸಬಲದಿಂದ ನಾನು ಅವಳ ಹಣೆಗೆ ಕೈ ಅಡ್ಡ ಹಿಡಿದೆ. ತಲೆ ಬೀಳಲಿಲ್ಲ. ಇಡ್ಲಿ ಪೂರ್ತಿ ತಿಂದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಆಪರೇಷನ್ ಆದ ಮೇಲೆ ಇನ್ನಷ್ಟು ಸೋತಿದ್ದ ಬಲಗಾಲಿಗೆ ತಿಂಗಳುಗಟ್ಟಲೆ ಕಸರತ್ತು ಮಾಡಿಸಿ ಮತ್ತೆ ನಡೆಸಿದೆವು. ವರ್ಷ ಕಳೆದು ತೋರಿಸಲು ಹೋದಾಗ ಡಾಕ್ಟರಮ್ಮ ಅವಳ ಬೆನ್ನು ತಟ್ಟಿದರು. ಮಾತು ಎಷ್ಟು ಬರಬಹುದೆಂದು ನಾನು ಕೇಳಿದೆ.

“ಬರುತ್ತೆ. ಆದ್ರೆ ಆವಾಗ್ಲೇ ಮಾಡ್ಸಿದ್ದಿದ್ರೆ ಬರ್ತಿದ್ದಷ್ಟು ಬರಲ್ಲಮ್ಮ.”

ನನ್ನ ಗಂಡ ಫೋನ್ ಬಂತೆಂದು ಎದ್ದು ಹೊರಗೆ ಹೋದರು. ಫೋನ್ ಬಂದಿರಲಿಲ್ಲ.

ಅತ್ತೆ ಹೋಮ ಮಾಡಿಸಿ ನೆಂಟರಿಗೆಲ್ಲ ಊಟ ಹಾಕಿಸಿದರು. “ಅಮ್ಮನವರಿಗೆ ಹರಕೆ ಹೊತ್ತಿದ್ದೆ, ಕೈ ಬಿಡಲಿಲ್ಲ” ಎಂದು ಪಂಕ್ತಿಯ ಉದ್ದಕ್ಕೂ ಹೇಳಿಕೊಂಡು ಬಂದರು. ಡಾಕ್ಟರಮ್ಮನ ಹೆಸರು ಯಾರೂ ಎತ್ತಲಿಲ್ಲ. ನಾನು ತೊವ್ವೆಯ ಪಾತ್ರೆ ಹಿಡಿದು ಅವರ ಹಿಂದೆಯೇ ಬಡಿಸುತ್ತಾ ಹೋದೆ. ನೆಂಟರು ನನಗೂ ಅಮ್ಮನವರಿಗೆ ಅಡ್ಡಬೀಳಲು ಹೇಳಿದರು.

ಈಗ ಮಗಳು ನನ್ನ ಭುಜದ ಎತ್ತರ ಬಂದಿದ್ದಾಳೆ. ಮೂರು ನಾಲ್ಕು ಪದ ಜೋಡಿಸಿ, ಪ್ರತಿ ಪದವನ್ನೂ ಹುಡುಕಿ ಮಾತಾಡುತ್ತಾಳೆ. ಕಳೆದ ಭಾನುವಾರ ತಲೆ ಬಾಚಿಸಿಕೊಳ್ಳುತ್ತಾ ಗಾಯದ ಗೆರೆ ಮುಟ್ಟಿಕೊಂಡು ಕೇಳಿದಳು: “ಅಮ್ಮಾ, ಇದು... ಮೊದಲೇ... ಯಾಕೆ ಮಾಡಿಸ್ಲಿಲ್ಲ?”

ಪೇಪರ್ ಓದುತ್ತಿದ್ದ ಇವರು ತಲೆಯೆತ್ತದೆ, “ಕಾಲ ಕೂಡಿ ಬಂದಿರ್ಲಿಲ್ಲ ಪುಟ್ಟಿ” ಎಂದರು.

“ಬಂದಿತ್ತು” ಎಂದೆ ನಾನು. “ನಿಮ್ಮಪ್ಪ ಒಪ್ಪಲಿಲ್ಲ.”

“ಮಗು ಹತ್ರ ಇದೆಲ್ಲ ಯಾಕೆ?”

“ಆವಾಗ ಕೇಳೋಕೆ ಅವಳಿಗೆ ಮಾತಿರ್ಲಿಲ್ಲ. ಈಗ ಕೇಳ್ತಿದಾಳೆ, ಹೇಳಿ.”

ಅವರು ಪೇಪರ್ ಮಡಿಸಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಮಧ್ಯಾಹ್ನ ಬಂದಾಗ ಬಡಿಸಿದೆ, ಉಂಡರು. ಮಗಳಿಗೆ ಅಪ್ಪನಿಂದ ಉತ್ತರ ಇನ್ನೂ ಸಿಕ್ಕಿಲ್ಲ.