ಗ್ವಾದಲಿಯಲ್ಲಿ ಉಳಿದ ತೊಟ್ಟುಗಳು

ರೋಣದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನಾನು ಗಜೇಂದ್ರಗಡದ ಒಂದು ನೇಕಾರರ ಮನೆಯ ಮಾಳಿಗೆಯ ಮೇಲೆ ಬಾಡಿಗೆಗಿದ್ದೆ. ಸಂಶೋಧನೆಗೆ ಆರಿಸಿಕೊಂಡದ್ದು ಸೂರ್ಯಕಾಂತಿ, ಸೇವಂತಿಗೆ, ಕುಸುಬೆಗಳ ಕುಟುಂಬ. ಹೂವಿಲ್ಲದಾಗಲೂ ಆ ಗಿಡಗಳನ್ನು ಎಲೆಯ ತೊಟ್ಟಿನಿಂದಲೇ ಗುರುತಿಸಬಹುದೇ ಎಂಬುದು ನನ್ನ ಪ್ರಶ್ನೆ. ತೊಟ್ಟನ್ನು ಬ್ಲೇಡಿನಿಂದ ಅಡ್ಡಲಾಗಿ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗಿನ ನಾಳಗಳು ಒಂದೊಂದು ಗಿಡದಲ್ಲಿ ಒಂದೊಂದು ಬಗೆಯಲ್ಲಿ ಸಾಲುಗಟ್ಟಿರುತ್ತವೆ. ಮನೆಯೊಡತಿ ಕಾಕಿ ಒಮ್ಮೆ ಮಗ್ಗದಿಂದ ಎದ್ದು ಬಂದು ಇಣುಕಿ ನೋಡಿ, ಸೆರಗಿನ ಬುಟ್ಟಾದಂತಿದೆ ಎಂದು ನಕ್ಕಿದ್ದರು.

ಆ ವರ್ಷ ಮುಂಗಾರಿನ ಮೊದಲ ಮಳೆ ಬಿದ್ದು ಕೆಲವು ದಿನಗಳಾಗಿದ್ದವು. ಬೆಳಿಗ್ಗೆ ಇಳಿದು ಬಂದಾಗ ಮನೆಯ ಯಜಮಾನರಾದ ಕಾಕಾರ ಎಮ್ಮೆ ಮೆಲುಕು ಹಾಕದೆ, ತಲೆಯನ್ನು ಗೋಡೆಗೆ ಆನಿಸಿ ನಿಂತಿತ್ತು. ಕರೆದರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನೆಲಕ್ಕೆ ಬಿದ್ದು ಕಾಲು ಬಡಿಯತೊಡಗಿತು. ದನದ ಡಾಕ್ಟರು ಬಂದು ಸೂಜಿ ಮಾಡಿ, ಏನು ತಿಂದಿತ್ತು ಎಂದು ಕೇಳಿದರು. ಅಸೂಟಿಯಲ್ಲಿರುವ ತಂಗಿ ಹಿಂದಿನ ಸಂಜೆ ಒಂದು ಚೀಲ ಹಸಿಮೇವು ಕಳಿಸಿದ್ದಳು, ತಾನಾಗಿ ಎದ್ದ ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ ಸಸಿಗಳು ಎಂದು ಕಾಕಾ ಹೇಳಿದರು. ಸೂರ್ಯಪಾನದಿಂದ ಹೀಗಾಗುವುದಿಲ್ಲವಲ್ಲ ಎಂದರು ಡಾಕ್ಟರು.

ಚೀಲ ಖಾಲಿಯಾಗಿತ್ತು. ಮೇವು ಹಾಕುವ ಗ್ವಾದಲಿಯ ಮೂಲೆಯಲ್ಲಿ ಒಂದಿಷ್ಟು ತೊಟ್ಟುಗಳು ಮಾತ್ರ ಉಳಿದಿದ್ದವು. ಅವುಗಳ ಎಲೆ ಕಪ್ಪಾಗಿ ಮುದುಡಿ ಹೋಗಿತ್ತು. ಕಾಕಿ ಅವನ್ನು ಆರಿಸಿ ನನ್ನ ಅಂಗೈಗೆ ಹಾಕಿದರು.

"ಅಕ್ಕಾರ, ನೀವು ದಿನಾ ನೋಡೂದು ಇದನ್ನ ಅಲ್ರಿ? ಇದೇನೈತಿ ನೋಡ್ರಿ."

ಮೇಲೆ ಹೋಗಿ ಕೊಯ್ದೆ. ಮೊದಮೊದಲಿನವು ದಪ್ಪಗಾಗಿ ಕೆಟ್ಟವು. ಕೊನೆಗೆ ಒಂದು ಸರಿಯಾಗಿ ಬಂತು. ಎಳೆ ಸೂರ್ಯಪಾನದ ತೊಟ್ಟಿನ ಸ್ಲೈಡು ನನ್ನಲ್ಲಿತ್ತು. ಹೋಲಿಸಿದೆ, ಹೊಂದಲಿಲ್ಲ. ನಾಳಗಳ ಸಾಲು ಬೇರೆ, ಅಂಚಿನ ರೋಮಗಳು ಬೇರೆ. ಹೊಂದಿದ್ದು ಪೆಟ್ಟಿಗೆಯಲ್ಲಿದ್ದ ಇನ್ನೊಂದಕ್ಕೆ: ಹಳ್ಳದ ದಂಡೆಯಲ್ಲಿ ಬೆಳೆದು, ಸೀರೆಗೆ ಅಂಟಿಕೊಳ್ಳುವ ಮುಳ್ಳುಕಾಯಿ ಬಿಡುವ ಕಳೆಗೆ. ಅದೂ ಅದೇ ಕುಟುಂಬದ್ದು. ಮೊಳೆತ ಹೊಸತರಲ್ಲಿ ಸೂರ್ಯಪಾನದಂತೆಯೇ ಕಾಣುತ್ತದೆ, ಆಗಲೇ ಅದು ದನಗಳಿಗೆ ಕಡುವಿಷ.

ಕೆಳಗಿಳಿದು ಹೇಳಿದೆ. ಡಾಕ್ಟರು ಎಮ್ಮೆಯ ಕಣ್ಣು ನೋಡಿ, ಇನ್ನು ಉಳಿಯಲಾರದು ಎಂದರು. ಕಾಕಾ ಅತ್ತ ತಿರುಗಲೇ ಇಲ್ಲ.

"ತಂಗಿ ತನ್ನ ಎಮ್ಮಿಗೂ ಒಂದ್ ಚೀಲ ಇಟ್ಕೊಂಡಾಳ್ರಿ," ಎಂದರು.

ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಅವರ ಮೋಟರ್ ಸೈಕಲ್ಲಿನ ಹಿಂದೆ ಕೂತು ನಾನೂ ಹೊರಟೆ. ಮೋಡ ಕವಿದು ಎರೆಹೊಲಗಳು ಇನ್ನಷ್ಟು ಕಪ್ಪಾಗಿದ್ದವು.

ತಂಗಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ನಮ್ಮ ಮಾತು ಕೇಳಿ ಎದ್ದು ನಿಂತಳು.

"ಮಧ್ಯಾನನ ಹಾಕೀನಿ. ಚಲೋ ಐತಲ್ಲ ಅಣ್ಣಾ, ನೋಡು."

ಎಮ್ಮೆ ನಿಜವಾಗಿಯೂ ಮೆಲುಕು ಹಾಕುತ್ತಿತ್ತು. ಕಾಕಾ ಉಸಿರು ಬಿಟ್ಟು, ನೀರು ಬೇಡಿ ಕುಡಿದರು. ಈ ವಿಷ ಏರಲು ಕೆಲವು ತಾಸು ಬೇಕೆಂದು ನನಗೆ ಗೊತ್ತಿತ್ತು. ಚೀಲದಲ್ಲಿ ಉಳಿದದ್ದನ್ನು ತಗ್ಗು ತೋಡಿ ಮುಚ್ಚಿದೆವು. ಊರಿನ ಡಾಕ್ಟರೂ ಬಂದು ಔಷಧ ಕುಡಿಸಿದರು. ದೀಪ ಹಚ್ಚುವ ಹೊತ್ತಿಗೆ ಎಮ್ಮೆಯ ದವಡೆ ನಿಂತಿತು. ಆಮೇಲೆ ತಲೆ ನಿಧಾನವಾಗಿ ಕೆಳಗಿಳಿಯಿತು. ತಂಗಿ ಅದರ ಕರುವನ್ನು ಬಿಚ್ಚಿ ದೂರ ಕಟ್ಟಿ ಬಂದಳು. ರಾತ್ರಿ ನಾವು ಅಲ್ಲೇ ಉಳಿದೆವು.

ಗಜೇಂದ್ರಗಡದ ಎಮ್ಮೆ ಅಂದೇ ಸಂಜೆ ಸತ್ತಿತ್ತು, ಅಸೂಟಿಯದು ಮರುದಿನ ಬೆಳಿಗ್ಗೆ. ಮೇವು ತಿನ್ನದ ಕರು ಉಳಿಯಿತು.

ಆ ಬೆಳಿಗ್ಗೆಯೇ, ಬಿಸಿಲೇರುವ ಮುಂಚೆ ತಂಗಿ ನನ್ನನ್ನು ಮೇವು ಕೊಯ್ದ ಜಾಗಕ್ಕೆ ಕರೆದೊಯ್ದಳು. ಹೊಲದ ಅಂಚಿನಿಂದ ಹಳ್ಳದವರೆಗೂ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು, ನೋಡಲು ಚೆಂದವಾಗಿದ್ದವು. ಆಕೆ ಸೀರೆ ಎತ್ತಿ ಕಟ್ಟಿ, ಬಾಗಿ ಕೀಳತೊಡಗಿದಳು. ನಾನೂ ಕಿತ್ತೆ.

"ಇಷ್ಟೂ ಕಿತ್ರ ಮುಗೀತಲ್ರಿ, ಅಕ್ಕಾರ?"

ಪ್ರತಿ ಮುಳ್ಳುಕಾಯಿಯಲ್ಲೂ ಎರಡು ಬೀಜಗಳಿರುತ್ತವೆ, ಒಂದು ಈ ಮಳೆಗೆ ಮೊಳೆತರೆ ಇನ್ನೊಂದು ಮಣ್ಣಿನಲ್ಲಿ ಕಾಯುತ್ತದೆ ಎಂದು ಹೇಳಿದೆ. ಆಕೆ ತಲೆ ಎತ್ತಲಿಲ್ಲ, ಕೈಯನ್ನೂ ನಿಲ್ಲಿಸಲಿಲ್ಲ. ನರಗುಂದದ ಕಡೆಯಿಂದ ಮತ್ತೆ ಮೋಡ ಏರುತ್ತಿತ್ತು.