ಗೆರೆಯಾಚೆ ಬಿದ್ದ ಚೆಂಡು

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವಿನ ಸಕಲ ವ್ಯಾಜ್ಯಗಳೂ ನಮ್ಮ ಮನೆಯ ಹಿಂದಿನ ಮಣ್ಣಿನ ಟೆನಿಸ್ ಕೋರ್ಟಿನಲ್ಲಿಯೇ ತೀರ್ಮಾನವಾಗುತ್ತವೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನನಗಾಗ ಹತ್ತು ವರ್ಷ. ಜಗತ್ತಿನಲ್ಲಿ ಬೇರೆ ಚಾಂಪಿಯನ್ನರೂ ಇದ್ದಾರೆಂದು ಪತ್ರಿಕೆಗಳು ಬರೆಯುತ್ತಿದ್ದವು. ಅವರನ್ನು ಕಣ್ಣಾರೆ ಕಾಣದ್ದರಿಂದ ನಾವು ಮಾನ್ಯ ಮಾಡಿರಲಿಲ್ಲ. ನಮಗೆ ಇದ್ದವರು ಇಬ್ಬರೇ. ಧಾರವಾಡದ ಕಡೆಯಿಂದ ನಮ್ಮಪ್ಪ, ಹೈಸ್ಕೂಲಿನ ಭೂಗೋಳದ ಮಾಸ್ತರು. ಹುಬ್ಬಳ್ಳಿಯ ಕಡೆಯಿಂದ ಶಿವಪ್ಪ ಕಾಕಾ, ದುರ್ಗದಬೈಲಿನಲ್ಲಿ ಬಟ್ಟೆ ಅಂಗಡಿ ಇಟ್ಟವರು.

ಮಳೆ ನಿಂತು ದೀಪಾವಳಿ ಮುಗಿದ ಮೇಲೆ ಕೋರ್ಟಿಗೆ ರೋಲರ್ ಎಳೆದು, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಹಾಕುತ್ತಿದ್ದರು. ಹಸಿ ಕೆಮ್ಮಣ್ಣಿನ ವಾಸನೆ ಹಿತ್ತಲ ಬಾಗಿಲಿನಿಂದ ಅಡುಗೆಮನೆಯವರೆಗೆ ಬರುತ್ತಿತ್ತು. ಅಂದಿನಿಂದ ಸಂಕ್ರಾಂತಿಯವರೆಗೆ ಪ್ರತಿ ಭಾನುವಾರ ಆಟ. ಸಂಕ್ರಾಂತಿಯ ಹಿಂದಿನ ಭಾನುವಾರದ ಪಂದ್ಯ ಗೆದ್ದವರು ಆ ವರ್ಷದ ಚಾಂಪಿಯನ್. ಕಪ್, ಪದಕ ಏನೂ ಇಲ್ಲ. ಸೋತವರು ಗೆದ್ದವರ ಮನೆಮಂದಿಗೆಲ್ಲ ತಿನ್ನಿಸಬೇಕು: ಅಪ್ಪ ಸೋತರೆ ಪೇಢೆ, ಕಾಕಾ ಸೋತರೆ ಗಿರಮಿಟ್ಟು ಮತ್ತು ಮಿರ್ಚಿ ಭಜಿ. ನನ್ನ ಪಿತೃಭಕ್ತಿಯಲ್ಲಿ ಮಿರ್ಚಿ ಭಜಿಯ ಪಾಲು ಎಷ್ಟಿತ್ತೆಂದು ಈಗ ಹೇಳುವುದು ಕಷ್ಟ.

ಕಾಕಾನ ಮಗಳು ಶೈಲಾ ನನ್ನ ಓರಗೆಯವಳು. ಸ್ಕೂಟರಿನ ಹಿಂದೆ ಕೂತು ತಪ್ಪದೆ ಬರುತ್ತಿದ್ದಳು. ನಾವಿಬ್ಬರೂ ರೋಲರಿನ ಮೇಲೆ ಕುಳಿತು ಇಬ್ಬರು ಮಹಾಪುರುಷರ ಕ್ರೀಡಾಜೀವನದ ತುಲನಾತ್ಮಕ ಅಧ್ಯಯನ ನಡೆಸುತ್ತಿದ್ದೆವು.

“ನಿಮ್ಮಪ್ಪನ ಸರ್ವಿಸ್ ಅಂದ್ರ ಟಪಾಲ ಕಾರ್ಡ ಇದ್ಧಂಗ. ಯಾವಾಗ ಬಂದು ಮುಟ್ಟತದೋ ದೇವರಿಗೇ ಗೊತ್ತು,” ಎನ್ನುತ್ತಿದ್ದಳು ಶೈಲಾ.

“ಮುಟ್ಟತದಲ್ಲ? ನಿಮ್ಮಪ್ಪ ಹೊಡದದ್ದು ಸೀದಾ ಕರೆಂಟ್ ಕಂಬಕ್ಕ ಹೋಗತದ.”

ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಕಾಕಾ ಥಾನಿನಿಂದ ಬಟ್ಟೆ ಹರಿದಂತೆ ಒಂದೇ ಏಟಿಗೆ ಚರ್ರೆಂದು ಹೊಡೆಯುತ್ತಿದ್ದರು. ಅಪ್ಪನಿಗೆ ಅಷ್ಟು ಶಕ್ತಿಯಿರಲಿಲ್ಲ. ಅವರು ಎದುರಾಳಿಗೆ ಕೋರ್ಟಿನ ನಾಲ್ಕು ದಿಕ್ಕುಗಳನ್ನೂ ಸಾವಕಾಶವಾಗಿ ಪರಿಚಯಿಸುತ್ತಿದ್ದರು. ಹದಿನೆಂಟು ವರ್ಷಗಳಲ್ಲಿ ಅಪ್ಪ ಒಂಬತ್ತು ಸಲ, ಕಾಕಾ ಒಂಬತ್ತು ಸಲ ಚಾಂಪಿಯನ್ ಆಗಿದ್ದರು.

ಅಂಪೈರ್ ಇರಲಿಲ್ಲ. ಚೆಂಡು ಯಾರ ಅಂಗಳದಲ್ಲಿ ಬಿತ್ತೋ ಅದು ಒಳಗೋ ಹೊರಗೋ ಎಂದು ಹೇಳುವವರು ಅವರೇ. ಅದಕ್ಕೆ ಮರುಮಾತಿಲ್ಲ. ನೆಟ್ಟು ದಾಟಿ ಹೋಗಿ ಚೆಂಡಿನ ಗುರುತು ನೋಡುವುದೆಂದರೆ, ಊಟಕ್ಕೆ ಕರೆದವರ ಮನೆಯಲ್ಲಿ ಅನ್ನ ಕೆದಕಿ ಹರಳು ಹುಡುಕಿದ ಹಾಗೆ.

ಆ ವರ್ಷ ಕಾಕಾ ಎರಡು ಗೇಮಿಗೊಮ್ಮೆ ಕುಳಿತುಕೊಳ್ಳತೊಡಗಿದರು. ಕೊನೆಯ ಪಂದ್ಯಕ್ಕೆ ಒಂದು ವಾರ ಇರುವಾಗ ಶೈಲಾ ರೋಲರಿನ ಮೇಲೆ ನನ್ನ ಹತ್ತಿರ ಸರಿದು ಹೇಳಿದಳು.

“ಅಪ್ಪನ ಎದಿ ಸರಿ ಇಲ್ಲಂತ. ಇನ್ನ ಮುಂದ ಆಡೂ ಹಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ಇದೊಂದು ಪಂದ್ಯ ಆಡ್ತೇನಿ ಅಂತ ಹಟಾ ಹಿಡದಾನ. ಹತ್ತನೇದು ಖರೇ ಖರೇ ಗೆಲ್ಲಬೇಕಂತ ಅವಗ. ಮಾಸ್ತರಿಗೆ ಹೇಳಬ್ಯಾಡ. ಆಣಿ ಮಾಡು.”

ಗಂಟಲು ಹಿಡಿದು ಆಣೆ ಮಾಡಿದೆ. ಅದು ನಾಲ್ಕು ದಿನ ಬಾಳಿತು. ಗುರುವಾರ ಊಟಕ್ಕೆ ಕುಳಿತಾಗ, ಯಾರೂ ಕೇಳದೆ, ಅಪ್ಪನಿಗೆ ಹೇಳಿಬಿಟ್ಟೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನನಗೆ ಖಾತ್ರಿಯಿತ್ತು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಯಾರ ಮುಂದೂ ಹೇಳಬ್ಯಾಡ,” ಎಂದಷ್ಟೇ ಅಂದು ಕೈ ತೊಳೆದುಕೊಂಡರು.

ಭಾನುವಾರ ಒಂದೊಂದು ಸೆಟ್ ಇಬ್ಬರಿಗೂ ಹೋಯಿತು. ಅಲ್ಲಿಯವರೆಗೆ ಅಪ್ಪ ಒಂದು ಚೆಂಡನ್ನೂ ಬಿಟ್ಟುಕೊಟ್ಟಿರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ. ಮೂರನೆಯ ಸೆಟ್ಟಿನಲ್ಲಿ ಕಾಕಾನ ಉಸಿರು ರೋಲರಿನವರೆಗೆ ಕೇಳುತ್ತಿತ್ತು. ಆದರೂ ಮುಂದೆ ಇದ್ದವರು ಅವರೇ. ಇನ್ನೊಂದು ಪಾಯಿಂಟ್ ಬಂದರೆ ಪಂದ್ಯ ಅವರದು. ಹೋದರೆ ಸಮ, ಮತ್ತೆ ಆಡಬೇಕು. ಕಾಕಾ ತಮ್ಮ ಹಳೆಯ ಏಟು ಹೊಡೆದರು. ಚೆಂಡು ಅಪ್ಪನ ಹಿಂದಿನ ಗೆರೆ ದಾಟಿ ಒಂದು ಗೇಣು ಆಚೆ ಬಿತ್ತು. ಹಸಿ ಮಣ್ಣಿನಲ್ಲಿ ಅದರ ಗುರುತು ನಮಗೇ ಕಾಣುತ್ತಿತ್ತು.

“ಒಳಗ!” ಎಂದರು ಅಪ್ಪ. “ಭಾರೀ ಹೊಡದ್ರಿ, ಸಾವಕಾರ್ರ!”

ಶೈಲಾ ಚಪ್ಪಾಳೆ ತಟ್ಟಲಿಲ್ಲ. ಕಾಕಾ ಕೈ ಎತ್ತಲಿಲ್ಲ. ನೆಟ್ಟಿನ ಕಂಬ ಸುತ್ತಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ನಡೆದುಕೊಂಡು ಅಪ್ಪನ ಅಂಗಳಕ್ಕೆ ಬಂದರು. ಬಗ್ಗಿ ನೋಡಿದರು.

“ಮಾಸ್ತರ, ಇದು ಒಳಗೇನ್ರಿ?”

“ನನ್ನ ಅಂಗಳ, ಸಾವಕಾರ್ರ. ನಾ ಹೇಳಿದ್ದ ಖರೇ.”

“ಹೌದ್ರಿ. ರೂಢಿ ಹಂಗ ಅದ.” ಕಾಕಾ ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. ಆಮೇಲೆ ಬೂಟಿನಿಂದ ಆ ಗುರುತನ್ನು ಒರೆಸಿದರು. “ಇನ್ನೊಂದ ಪಾಯಿಂಟ್ ಆಡಾಕ ನನ್ನ ಕಡೆ ಉಸಿರ ಇತ್ರಿ.”

ಅಪ್ಪ ತಂದಿಟ್ಟಿದ್ದ ಪೇಢೆಯ ಪೊಟ್ಟಣವನ್ನು ಕಾಕಾ ಎರಡೂ ಕೈಯಲ್ಲಿ ಇಸಿದುಕೊಂಡು, “ಮನ್ಯಾಗ ತಿಂತೇವ್ರಿ,” ಎಂದರು. ಸ್ಕೂಟರ್ ಹತ್ತುವಾಗ ಶೈಲಾ ನನ್ನನ್ನೇ ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಆಮೇಲೆ ಅಪ್ಪ ಮೂರು ಸಲ ದುರ್ಗದಬೈಲಿಗೆ ಹೋದರು. ಮೂರು ಸಲವೂ ನನಗೆ ಬೇಕಿಲ್ಲದ ಅಂಗಿ ಬಟ್ಟೆ ಬಂತು. ಕಾಕಾ ಚಹಾ ತರಿಸಿದರಂತೆ, ಮಳೆ ಬೆಳೆ ಎಲ್ಲ ಮಾತಾಡಿದರಂತೆ. ಟೆನಿಸ್ಸಿನ ಸುದ್ದಿ ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮಾತಾಡಿಸಲು ಹೋದಾಗ ಶೈಲಾ ಬಾಗಿಲ ಹತ್ತಿರ ನಿಂತು ಕೇಳಿದಳು: “ಯಾಕ ಹೇಳಿದಿ? ಸೋತಿದ್ರೂ ಅಪ್ಪ ನಗಕೋತ ಮನಿಗೆ ಬರ್ತಿದ್ದ.” ಅವಳೊಂದಿಗೆ ನನ್ನ ಮಾತು ಅಲ್ಲಿಗೆ ಮುಗಿಯಿತು, ಮುಂದೆ ಎಲ್ಲಿಗೆ ಮದುವೆಯಾಗಿ ಹೋದಳೆಂದೂ ತಿಳಿಯಲಿಲ್ಲ.

ಅಪ್ಪ ಆಟ ಬಿಡಲಿಲ್ಲ. ಆದರೆ ಪಂದ್ಯ ಆಡಲಿಲ್ಲ. ಸಂಜೆ ಒಬ್ಬರೇ ಹೋಗಿ ಗೋಡೆಗೆ ಚೆಂಡು ಹೊಡೆದು ಬರುತ್ತಿದ್ದರು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಬಿಳಿ ಗೆರೆಗಳಿವೆ, ಒಳಗೆ ನಿಲ್ಲಿಸಬೇಕೆಂದು. ಟಿವಿಯಲ್ಲಿ ಇಬ್ಬರು ಚಾಂಪಿಯನ್ನರನ್ನು ತೂಗಿ ನೋಡಿ ಯಾರು ದೊಡ್ಡವರೆಂದು ಪಂಡಿತರು ತಾಸುಗಟ್ಟಲೆ ಹೇಳುತ್ತಾರೆ. ನನ್ನ ಇಬ್ಬರ ಬಗ್ಗೆ ವಾದಿಸಲು ನನಗೆ ಎದುರಾಳಿಯೇ ಇಲ್ಲ.

ಅಪ್ಪ ಹೋಗುವ ವರ್ಷ, ಧೈರ್ಯ ಮಾಡಿ ಒಮ್ಮೆ ಕೇಳಿದೆ: “ಅಪ್ಪಾ, ಅವತ್ತ ಹೊರಗ ಅಂದಿದ್ರ ಏನಾಗತಿತ್ತು?”

ಯಾವ ದಿನ, ಯಾವ ಚೆಂಡು ಎಂದು ಅವರು ಕೇಳಲಿಲ್ಲ.

“ಏನಾಗೂದು,” ಎಂದರು. “ಇನ್ನೂ ಆಡತಿದ್ವಿ.”